ನಗೆಯ ನಿಷ್ಠುರತೆ: ಟಿ. ಸುನಂದಮ್ಮನವರ ಹಾಸ್ಯಪ್ರಬಂಧಗಳ ಒಂದು ವಿವೇಚನೆ

ಛಂದಶ್ಶಾಸ್ತ್ರದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅಷ್ಟು ವ್ಯತ್ಯಾಸವನ್ನು ಬಿಟ್ಟರೆ ಅವೆರಡರ ನಡುವೆ ಮೇಲು ಕೀಳೆಂಬುದಿಲ್ಲ. ಲಘುವನ್ನು ತೆಗೆದುಹಾಕಿದರೆ ಕಂದಪದ್ಯ ಒಂದು ಹೆಜ್ಜೆಯೂ ಮುಂದೆ ಸಾಗದು. ಆದರೆ ಅದೇ ಮಾತು ಸಾಹಿತ್ಯವಿಮರ್ಶೆಯ ಅಂಗಳಕ್ಕೆ ಕಾಲಿಟ್ಟೊಡನೆ ತನ್ನ ಮಾನವನ್ನು ಕಳೆದುಕೊಳ್ಳುತ್ತದೆ. 'ಲಘುಪ್ರಬಂಧ', 'ಲಘುಹಾಸ್ಯ' ಎಂದು ಹೆಸರಿಟ್ಟರೆ ಸಾಕು, ಅದನ್ನು ಗಂಭೀರವಾಗಿ ಓದುವ ಹೊಣೆಯಿಂದ ವಿಮರ್ಶಕನು ಪಾರಾದಂತೆ. ಹಾಸ್ಯ ಬರೆದವನು ಲಘು. ಹಾಸ್ಯ ಬರೆದ ಹೆಣ್ಣುಮಗಳು ಇಮ್ಮಡಿ ಲಘು. ಟಿ. ಸುನಂದಮ್ಮನವರ (1917–2006) ಹೆಸರು ನಮ್ಮ ಸಾಹಿತ್ಯಚರ್ಚೆಗಳಲ್ಲಿ ಬಹುಮಟ್ಟಿಗೆ ಈ ಇಮ್ಮಡಿ ಮುದ್ರೆಯನ್ನು ಹೊತ್ತುಕೊಂಡೇ ಬರುತ್ತದೆ. ಹಾಸ್ಯಲೇಖಕಿಯೆಂದು ಒಂದು ವಾಕ್ಯ, ಪುಸ್ತಕಗಳ ಹೆಸರಿಗೆ ಇನ್ನೊಂದು ವಾಕ್ಯ. ಅಲ್ಲಿಗೆ ಋಣ ತೀರಿತು.

ಈ ಉದಾಸೀನವನ್ನು ಬೇರೆ ಯಾವ ಸೀಮೆಯವರು ಒಪ್ಪಿಕೊಂಡರೂ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಓದುಗರು ಒಪ್ಪಿಕೊಳ್ಳಲು ಕಾರಣವಿಲ್ಲ. ಏಕೆಂದರೆ ಹೆಣ್ಣಿನ ಬಾಯಿಂದ ಬರುವ ಹಾಸ್ಯಕ್ಕೆ ಎಂತಹ ಮೊನೆಯಿರುತ್ತದೆಂಬುದನ್ನು ಘಟಪ್ರಭೆಯ ಈ ಎರಡೂ ದಂಡೆಗಳ ಜನ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಮದುವೆ, ಕುಬಸ, ತೊಟ್ಟಿಲುಗಳಲ್ಲಿ ನಡೆಯುವ ಒಡಪಿನ ಸಂಪ್ರದಾಯವನ್ನೇ ನೋಡಬಹುದು. ಗಂಡನ ಹೆಸರನ್ನು ನೇರವಾಗಿ ಉಚ್ಚರಿಸಲಾಗದು ಎಂಬುದು ರೂಢಿ. ನಾಲ್ಕು ಜನರೆದುರು ಹೆಸರನ್ನು ಹೇಳಿಯೇ ತೀರಬೇಕೆಂಬುದು ಅದೇ ರೂಢಿಯ ಇನ್ನೊಂದು ಮಗ್ಗುಲು. ಈ ಇಕ್ಕಟ್ಟಿನಿಂದ ಹೊರಬರಲು ಹೆಣ್ಣುಮಗಳು ಹರಿವಾಣ, ಗಿಂಡಿ, ಜರದ ರುಮಾಲು, ಊರ ಹೊಳೆ, ಮಾವನ ತೋಟ ಎಲ್ಲವನ್ನೂ ಪ್ರಾಸಕ್ಕೆ ಕೂಡಿಸಿ, ಕೇಳುವವರನ್ನು ಕಾಯಿಸಿ, ಕಟ್ಟಕಡೆಗೆ ಆ ಹೆಸರನ್ನು ಇಳಿಸುತ್ತಾಳೆ. ಜಾಣೆಯಾದವಳು ಆ ನಡುವೆಯೇ ಅತ್ತೆಯ ಬಿಗಿಮುಷ್ಟಿಯನ್ನೂ ನಾದಿನಿಯ ನಡೆಯನ್ನೂ ಒಂದೊಂದು ಪದದಲ್ಲಿ ತೂಗಿಬಿಡುತ್ತಾಳೆ. ಎಲ್ಲರೂ ನಗುತ್ತಾರೆ, ಅತ್ತೆಯೂ ನಗಬೇಕಾಗುತ್ತದೆ. ಬೇರೆ ದಿನ ಹೇಳಿದ್ದರೆ ಜಗಳವಾಗುತ್ತಿದ್ದ ಮಾತು ಅಂದು ಶಾಸ್ತ್ರವೆನಿಸುತ್ತದೆ.

ಈ ಸೀಮೆಯ ಇನ್ನೊಂದು ಹೆಮ್ಮೆ ಶ್ರೀಕೃಷ್ಣ ಪಾರಿಜಾತದ ಆಟ. ಅಪರಾಳ ತಮ್ಮಣ್ಣನ ಕೃತಿಯನ್ನು ಪರಿಷ್ಕರಿಸಿ ಜನರ ರಂಗಕ್ಕೆ ತಂದವನು ಕುಲಗೋಡದ ತಮ್ಮಣ್ಣ. ಅದಕ್ಕೆ ನಾಡತುಂಬ ಹೆಸರು ತಂದವರಲ್ಲಿ ಕೌಜಲಗಿಯ ನಿಂಗಮ್ಮನದು ಮೊದಲ ಸಾಲಿನ ಹೆಸರು. ಮೊದಲು ಗೋಕಾಕ ತಾಲೂಕಿನಲ್ಲಿದ್ದ ಈ ಊರುಗಳು ಈಗ ಮೂಡಲಗಿಯ ಸೀಮೆಯೆನಿಸಿವೆ. ಪಾರಿಜಾತದ ಕಥೆ ಪುರಾಣದ್ದು. ಆದರೆ ಸತ್ಯಭಾಮೆಯ ಹಮ್ಮನ್ನು ಇಳಿಸುವ ಮಾತಿನ ಚಕಮಕಿ ಪುರಾಣದ್ದಲ್ಲ, ಓಣಿಯದು. ರಾಣಿಯೆನಿಸಿದವಳು ಆಡುವ ಸಿಟ್ಟಿನ ಮಾತಿಗೆ ಪ್ರೇಕ್ಷಕರ ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳು ನಗುವುದು ಅದು ದ್ವಾರಕೆಯ ಸುದ್ದಿಯೆಂದಲ್ಲ, ತಮ್ಮ ಮನೆಯ ಸುದ್ದಿಯೆಂದು.

ಕೊರವಂಜಿಯ ಸೋಗು ಪಾರಿಜಾತದ ಆಟಕ್ಕೂ ಹೊಸದಲ್ಲ. ಬುಟ್ಟಿ ಹೊತ್ತು ಊರೂರು ಅಲೆಯುವ, ಕಣಿ ಹೇಳುವ ಈ ಹೆಂಗಸು ಅರಮನೆಯ ಒಳಗೂ ಹೋಗಬಲ್ಲಳು. ಸಖಿಯರು ಅಂಜಿ ನುಂಗಿಕೊಂಡ ಸತ್ಯವನ್ನು ರಾಣಿಯ ಅಂಗೈ ಹಿಡಿದುಕೊಂಡೇ ಹೇಳಬಲ್ಲಳು. ಹೇಳುತ್ತಿರುವವಳು ತಾನಲ್ಲ, ಕೈಗೆರೆ ಎಂಬ ನೆವ ಅವಳಿಗಿದೆ. 1942ರಲ್ಲಿ ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ ('ರಾಶಿ') ಅವರು ಹಾಸ್ಯಕ್ಕೇ ಮೀಸಲಾದ ಮಾಸಪತ್ರಿಕೆಯೊಂದನ್ನು ಆರಂಭಿಸಿದಾಗ ಅದಕ್ಕೆ ಅವರು ಆರಿಸಿಕೊಂಡ ಹೆಸರು 'ಕೊರವಂಜಿ'. ವೃತ್ತಿಯಿಂದ ವೈದ್ಯರಾದ ಅವರಿಗೆ ನಾಡಿ ಹಿಡಿಯುವುದಕ್ಕೂ ಕೈ ನೋಡುವುದಕ್ಕೂ ಇರುವ ನಂಟು ಹೊಳೆದಿರಬೇಕು. 1967ರವರೆಗೆ, ಇಪ್ಪತ್ತೈದು ವರ್ಷ, ಆ ಪತ್ರಿಕೆ ನಡೆಯಿತು. ಮುಂದೆ ಜಗದ್ವಿಖ್ಯಾತರಾದ ಆರ್. ಕೆ. ಲಕ್ಷ್ಮಣರು ತಾರುಣ್ಯದಲ್ಲಿ ಅದಕ್ಕೆ ಚಿತ್ರ ಬರೆದರು, 'ಅನರ್ಥಕೋಶ'ದ ನಾ. ಕಸ್ತೂರಿಯವರು ಆ ಬಳಗದವರು. ಆದರೆ ಕೊರವಂಜಿಯೆಂಬ ಹೆಣ್ಣುಹೆಸರಿನ ಆ ಪತ್ರಿಕೆಯಲ್ಲಿ ಹೆಣ್ಣಿನ ದನಿಯನ್ನೇ ನಿಜವಾಗಿ ತುಂಬಿದವರೆಂದು ಯಾರನ್ನಾದರೂ ಹೆಸರಿಸುವುದಿದ್ದರೆ ಅದು ಮೈಸೂರಿನಲ್ಲಿ ಹುಟ್ಟಿದ ಸುನಂದಮ್ಮನವರನ್ನು.

ಅವರು ಬರೆಯಲಾರಂಭಿಸಿದಾಗ ಕನ್ನಡದಲ್ಲಿ ಪ್ರಬಂಧ ಎಳೆಯ ಕೂಸಾಗಿರಲಿಲ್ಲ. ಗೊರೂರರ 'ಹಳ್ಳಿಯ ಚಿತ್ರಗಳು', ಎ. ಎನ್. ಮೂರ್ತಿರಾಯರ 'ಹಗಲುಗನಸುಗಳು' ಆಗಲೇ ಬಂದಿದ್ದವು. ಆ ಪ್ರಬಂಧಗಳ ಸೊಗಸು ಅಲ್ಲಗಳೆಯುವಂತಹದಲ್ಲ. ಆದರೆ ಆ ಪರಂಪರೆಯ ಪ್ರಬಂಧಕಾರನು ಎಲ್ಲಿ ಕುಳಿತು ಬರೆಯುತ್ತಾನೆ? ಪಡಸಾಲೆಯ ಆರಾಮಕುರ್ಚಿಯಲ್ಲಿ. ಅವನ ಹಗಲುಗನಸಿಗೆ ಬಿಡುವು ಬೇಕು. ಬಿಡುವನ್ನು ಒದಗಿಸುವವಳು ಒಳಗಿದ್ದಾಳೆ. ಅವಳ ಬಳೆಯ ಸದ್ದು ಆಗಾಗ ಪ್ರಬಂಧದೊಳಕ್ಕೆ ಬರುತ್ತದೆ, ಕಾಫಿ ಬರುತ್ತದೆ, ಒಮ್ಮೊಮ್ಮೆ ಅವಳ ಗೊಣಗಾಟವೂ ಬಂದು ಒಂದು ನಗೆಗೆ ಒದಗುತ್ತದೆ. ಹಾಸ್ಯಬರಹದಲ್ಲಂತೂ ಹೆಂಡತಿಯೆಂದರೆ ಸಿದ್ಧವಸ್ತು: ಸೀರೆ ಕೇಳುವವಳು, ತವರನ್ನು ಹೊಗಳುವವಳು, ಮಾತು ನಿಲ್ಲಿಸದವಳು. ನಾಟಕ, ನಗೆಹನಿ, ವ್ಯಂಗ್ಯಚಿತ್ರ ಎಲ್ಲೆಡೆ ಇದೇ ಸರಕು. ಸುನಂದಮ್ಮನವರು ಮಾಡಿದ ಕೆಲಸ ಮೇಲುನೋಟಕ್ಕೆ ಅತಿ ಸಣ್ಣದು. ಅವರು ಮನೆಯನ್ನು ಬದಲಿಸಲಿಲ್ಲ, ಮನೆಯ ಜನರನ್ನೂ ಬದಲಿಸಲಿಲ್ಲ. ಕುಳಿತುಕೊಳ್ಳುವ ಜಾಗವನ್ನು ಮಾತ್ರ ಬದಲಿಸಿದರು. ಅದೇ ಮನೆ ಈಗ ಒಲೆಯ ಬದಿಯಿಂದ ಕಾಣತೊಡಗಿತು.

ಜಾಗ ಬದಲಾದರೆ ಆಗುವ ವ್ಯತ್ಯಾಸ ಎಷ್ಟೆಂಬುದನ್ನು ತಿಳಿಯಲು ಯಾವ ಮನೆಯಲ್ಲಾದರೂ ನಡೆಯಬಹುದಾದ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಸಂಜೆಯ ಹೊತ್ತಿಗೆ ಹೇಳದೆ ಕೇಳದೆ ನಾಲ್ವರು ಅತಿಥಿಗಳು ಬರುತ್ತಾರೆ. ಪಡಸಾಲೆಯ ಪ್ರಬಂಧಕಾರನಿಗೆ ಇದು ಅತಿಥಿಗಳ ವಿಚಿತ್ರ ಸ್ವಭಾವದ ಮೇಲೆ ಬರೆಯಲು ಒದಗಿದ ವಸ್ತು. ಒಬ್ಬನ ನಶ್ಯ, ಇನ್ನೊಬ್ಬನ ರಾಜಕೀಯ, ಮೂರನೆಯವನ ನಿದ್ದೆ ಎಲ್ಲವೂ ಅಲ್ಲಿ ಬರುತ್ತವೆ. ಒಲೆಯ ಬದಿಯಿಂದ ನೋಡಿದರೆ ಅದೇ ಸಂಜೆ ಪಾವು ಹಾಲಿನ ಪ್ರಶ್ನೆ. ನಾಲ್ಕು ಲೋಟಕ್ಕೆ ಎಷ್ಟು ನೀರು ಬೆರೆಸಿದರೆ ಮಾನ ಉಳಿದೀತು, ಮಗುವಿಗೆಂದು ತೆಗೆದಿಟ್ಟ ಹಾಲನ್ನು ಮುಟ್ಟಬಹುದೆ, ಹೊರಗಿನಿಂದ ಕೂಗಿದ ಯಜಮಾನರಿಗೆ ಸಕ್ಕರೆ ಮುಗಿದ ಸುದ್ದಿಯನ್ನು ಅತಿಥಿಗಳಿಗೆ ಕೇಳಿಸದಂತೆ ಮುಟ್ಟಿಸುವುದು ಹೇಗೆ? ಕೊರವಂಜಿ ಹುಟ್ಟಿದ್ದು ಮಹಾಯುದ್ಧದ ನಡುವೆ, ಪದಾರ್ಥಗಳ ಅಭಾವ ಮನೆಮನೆಯ ಮಾತಾಗಿದ್ದ ಕಾಲದಲ್ಲಿ. ಅಂದಿನ ದೇಶದ ಅರ್ಥವ್ಯವಸ್ಥೆಯನ್ನು ಕುರಿತು ಪಂಡಿತರು ಏನು ಬರೆದರೋ ತಿಳಿಯದು, ಅದನ್ನು ದಿನಕ್ಕೆ ಮೂರು ಹೊತ್ತು ಅಳೆದು ಸುರಿದವರು ಹೆಂಗಸರು. ಇಂತಹ ಅಳತೆಯಿಂದ ಹುಟ್ಟುವ ನಗೆ ಅತಿಥಿಯ ಮೇಲಿನದಲ್ಲ, ಗಂಡನ ಮೇಲಿನದೂ ಅಲ್ಲ. ಇಡೀ ಏರ್ಪಾಡಿನ ಮೇಲಿನದು. ದೂರು ಹೇಳಿದ್ದರೆ ಅದು ಒಂದು ಮನೆಯ ಗೋಳಾಗುತ್ತಿತ್ತು. ನಕ್ಕು ಹೇಳಿದ್ದರಿಂದ ಎಲ್ಲ ಮನೆಗಳ ಗುಟ್ಟಾಯಿತು.

ಸುನಂದಮ್ಮನವರ ಪುಸ್ತಕಗಳ ಹೆಸರುಗಳೇ ಈ ರೀತಿಯನ್ನು ಸಾರುತ್ತವೆ. 'ಬಣ್ಣದ ಚಿಟ್ಟೆ', 'ಪೆಪ್ಪರಮೆಂಟು' ಎಂಬ ಹೆಸರುಗಳು ವಿಮರ್ಶಕನ ಲಘುಭಾವನೆಯನ್ನು ತಾವೇ ಮುಂದಾಗಿ ಒಪ್ಪಿಕೊಂಡಂತಿವೆ: ಹೌದು, ಇದು ಬಾಯಲ್ಲಿ ಕರಗುವ ಪದಾರ್ಥವೇ, ಚೀಪಿ ನೋಡಿರಿ ಎಂಬಂತೆ. ಪೆಪ್ಪರಮೆಂಟಿನ ಗುಣವೆಂದರೆ ಸಿಹಿಯ ಹಿಂದೆಯೇ ಒಂದು ಚುರುಕು ನಾಲಗೆಗೆ ತಾಕುವುದು. 'ರೂಢಿಗಾಡಿ' ಎಂಬ ಹೆಸರಿನಲ್ಲಿ ರೂಢಿಯೆಂಬುದು ತಾನಾಗಿ ಉರುಳುವ ಗಾಡಿಯಾಗುತ್ತದೆ. ಎಳೆಯುವವರು ಯಾರು, ಏರಿ ಕುಳಿತವರು ಯಾರು ಎಂದು ಕೇಳುವ ಕೆಲಸ ಓದುಗರಿಗೆ ಬಿಟ್ಟದ್ದು. ಎಲ್ಲಕ್ಕಿಂತ ಸೊಗಸಾದುದು 'ಜಂಬದ ಚೀಲ'. ನಾಗರಿಕ ಹೆಂಗಸರ ತೋಳಿಗೆ ಜೋತುಬಿದ್ದ ಆಂಗ್ಲರ ವ್ಯಾನಿಟಿ ಬ್ಯಾಗನ್ನು ಕನ್ನಡಕ್ಕೆ ತಿರುಗಿಸಿದೊಡನೆ ಅದರೊಳಗಿನ ಸರಕೆಲ್ಲ ಹೊರಗೆ ಬಿದ್ದಿತು. ಆಂಗ್ಲಪದದಲ್ಲಿ ಮುಚ್ಚಿಕೊಂಡಿದ್ದ ಹುಳುಕನ್ನು ತೋರಿಸಲು ಟೀಕೆ ಬೇಕಾಗಲಿಲ್ಲ, ಅನುವಾದವೇ ಸಾಕಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆ ಚೀಲ ಹೆಂಗಸರದೇ, ಲೇಖಕಿಯ ಕೈಯಲ್ಲೂ ಇದ್ದಿರಬಹುದಾದದ್ದೇ. ನಗೆ ಮೊದಲು ತನ್ನ ಪಂಗಡದ ಮೇಲೆ, ತನ್ನ ಮೇಲೆ. ಆಮೇಲೆ ಲೋಕದ ಮೇಲೆ.

ತನ್ನಿಂದಲೇ ಆರಂಭಿಸುವ ಈ ಕ್ರಮ ವಚನಗಳನ್ನು ಬಲ್ಲವರಿಗೆ ಅಪರಿಚಿತವಲ್ಲ. ಲೋಕದ ಡೊಂಕನ್ನು ತಿದ್ದಹೊರಟವರಿಗೆ ಬಸವಣ್ಣನವರು ಕೇಳಿದ ಮೊದಲ ಪ್ರಶ್ನೆ ಸ್ವಂತ ತನುಮನಗಳನ್ನು ಕುರಿತದ್ದು. ಶರಣೆಯರಲ್ಲಿ ಈ ಆತ್ಮವಿಮರ್ಶೆಗೆ ಹಾಸ್ಯದ ಹದ ಕೂಡಿದ ಸಂದರ್ಭಗಳನ್ನು ಮಾತ್ರ ನಮ್ಮ ವ್ಯಾಖ್ಯಾನಕಾರರು ಬೇಗನೆ ದಾಟಿಬಿಡುತ್ತಾರೆ. ವಚನವೆಂದರೆ ಕೈಮುಗಿದು ಓದಬೇಕಾದದ್ದೆಂಬ ಭಾವ ಬಲಿತ ಮೇಲೆ ಅದರೊಳಗೆ ನಗೆಯನ್ನು ಕಾಣುವುದು ಅಪಚಾರವೆನಿಸುವುದು ಸಹಜ. ಆದರೂ ಸೂಳೆ ಸಂಕವ್ವೆಯ ಅಂಕಿತವನ್ನು ನೋಡಿರಿ: ನಿರ್ಲಜ್ಜೇಶ್ವರ. ಲೋಕ ಯಾವ ಮಾತಿನಿಂದ ಅವಳನ್ನು ಹಳಿಯುತ್ತಿತ್ತೋ ಆ ಮಾತನ್ನೇ ಎತ್ತಿ ತನ್ನ ದೇವರಿಗೆ ಹೆಸರಾಗಿ ಮುಡಿಸಿದವಳಿಗೆ ನಗಲು ಬರುತ್ತಿರಲಿಲ್ಲವೆಂದು ಯಾರು ಹೇಳಿಯಾರು? ಅವಳದೆಂದು ಉಳಿದಿರುವುದು ಒಂದೇ ವಚನ. ಅದರಲ್ಲಿಯೂ ಒಬ್ಬನ ಒತ್ತೆ ಹಿಡಿದು ಇನ್ನೊಬ್ಬನ ಒತ್ತೆ ಹಿಡಿಯಲಾರೆನೆಂಬ ವೃತ್ತಿಯ ನೇಮವನ್ನೇ ನಿಷ್ಠೆಯ ಒರೆಗಲ್ಲಾಗಿ ಮಾಡುತ್ತಾಳೆ.

ಕದಿರ ರೆಮ್ಮವ್ವೆಯ ರಾಟೆಯ ವಚನವೂ ಅಂತಹದೇ. ತಾನು ತಿರುಗಿಸುವ ರಾಟೆಯ ಕುಲ ಯಾವುದೆಂದು ಹೇಳುತ್ತೇನೆ ಕೇಳಿರೆಂದು ತೊಡಗಿ, ತ್ರಿಮೂರ್ತಿಗಳನ್ನು ರಾಟೆಯ ಹಲಗೆ, ಬೊಂಬೆಗಳಲ್ಲಿ ಕೂರಿಸಿ, ದೊಡ್ಡ ತತ್ತ್ವವನ್ನೆಲ್ಲ ಕದಿರಿಗೆ ಸುತ್ತಿ, ಕೊನೆಯಲ್ಲಿ ಗಂಡನ ಏಟಿನ ಭಯಕ್ಕೆ ತಂದು ನಿಲ್ಲಿಸುತ್ತಾಳೆ. ಅನುಭಾವದ ಅರ್ಥವನ್ನು ಅದಕ್ಕೆ ಹೇಳಬಹುದು, ಹೇಳಲೂಬೇಕು. ಆದರೆ ಕುಲ ಕೇಳುವ ಚಟವಿದ್ದ ಸಮಾಜದೆದುರು ರಾಟೆಯ ಕುಲವನ್ನು ಹೇಳತೊಡಗುವ ಆ ಮೊದಲ ಹೆಜ್ಜೆಯಲ್ಲೇ ಒಂದು ತುಂಟತನವಿದೆ. (ಗೋಕಾಕದ ನೂಲಿನ ಗಿರಣಿಯ ಸೀಮೆಯವರು ಈ ಶರಣೆಯನ್ನು ಇನ್ನಷ್ಟು ತಮ್ಮವಳೆಂದು ತಿಳಿದರೆ ತಪ್ಪಿಲ್ಲ.) ಅಮುಗೆ ರಾಯಮ್ಮನ ಮಾತು ಇವರಿಬ್ಬರಿಗಿಂತ ಕಟು. ವೇಷಧಾರಿಗಳನ್ನೂ ಬರಿಮಾತಿನ ಅನುಭಾವಿಗಳನ್ನೂ ಅವಳು ಬಿಡಿಸಿ ತೋರಿಸುವ ರೀತಿಯಲ್ಲಿ ದಾಕ್ಷಿಣ್ಯವೆಂಬುದಿಲ್ಲ.

ಇನ್ನು ಆಯ್ದಕ್ಕಿ ಲಕ್ಕಮ್ಮ. ಶೂನ್ಯಸಂಪಾದನೆಯ ಹೆಸರನ್ನೇ ಹೊತ್ತ ಮಠವಿರುವ ಗೋಕಾಕದಲ್ಲಿ ಈ ಪ್ರಸಂಗವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಮರಳಿ ಸುರಿದು ಬರಹೇಳಿದಳು. ವ್ಯಾಖ್ಯಾನಗಳಲ್ಲಿ ಇದು ಕಾಯಕತತ್ತ್ವದ ನಿದರ್ಶನ. ಆದರೆ ದೃಶ್ಯವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಹೆಚ್ಚು ಗಳಿಸಿ ತಂದ ಗಂಡ ಮೆಚ್ಚುಗೆಯನ್ನು ಎದುರು ನೋಡುತ್ತ ಬಾಗಿಲಲ್ಲಿ ನಿಂತಿದ್ದಾನೆ. ಒಳಗಿನಿಂದ ಬರುವ ಪ್ರಶ್ನೆ: ಇಷ್ಟೇಕೆ, ಈ ಆಸೆ ನಿಮ್ಮದೋ, ಬಸವಣ್ಣನದೋ? ಅತಿಥಿ ಬಂದ ಮನೆಯಲ್ಲಿ ಹಾಲನ್ನು ಅಳೆಯುವ ಕೈಯೂ ಈ ಅಕ್ಕಿಯನ್ನು ಅಳೆದ ಕೈಯೂ ಒಂದೇ ಜಾತಿಯವು. ಲೋಭವನ್ನು ಮಾತಿನಿಂದಲ್ಲ, ಮಾನದಿಂದ ತೂಗಬಲ್ಲ ಕೈ ಅದು. ಇಡೀ ತತ್ತ್ವ ಅಲ್ಲಿ ಒಲೆಯ ಮುಂದೆ, ಅಕ್ಕಿ ಕೇರುವ ಹೊತ್ತಿನಲ್ಲಿ ನಿರ್ಣಯವಾಗುತ್ತದೆ.

ಹೀಗೆಂದು ಸುನಂದಮ್ಮನವರನ್ನು ಶರಣೆಯರ ಸಾಲಿಗೆ ಸೇರಿಸಿ ಆರತಿ ಎತ್ತುವುದು ಅವರಿಗೂ ನ್ಯಾಯವಲ್ಲ, ಶರಣೆಯರಿಗೂ ನ್ಯಾಯವಲ್ಲ. ಅವರಲ್ಲಿ ಯಾವ ವಚನದ ಪ್ರಭಾವವನ್ನೂ ಹುಡುಕಬೇಕಾದ ಅಗತ್ಯವಿಲ್ಲ. ಹೋಲಿಕೆಯ ಉಪಯೋಗ ಇರುವುದು ವ್ಯತ್ಯಾಸವನ್ನು ಕಾಣುವುದರಲ್ಲಿ. ಲಕ್ಕಮ್ಮನ ಮಾತಿನ ಹಿಂದೆ ಮನೆಗಿಂತ ದೊಡ್ಡದಾದ ಒಂದು ನಿಷ್ಠೆಯಿದೆ. ಆ ನಿಷ್ಠೆಯ ಬಲದಿಂದ ಅವಳು ಗಂಡನನ್ನು ಹಿಂದಕ್ಕೆ ಕಳುಹಿಸಬಲ್ಲಳು, ಅವನು ಹೋಗುತ್ತಾನೆ, ಮನೆಯ ನಡೆ ಬದಲಾಗುತ್ತದೆ. ಸುನಂದಮ್ಮನವರ ಗೃಹಿಣಿಗೆ ಆ ಬಲವಿಲ್ಲ. ಅವಳಿಗಿರುವುದು ಲೋಕವಿವೇಕ, ಚುರುಕುಕಣ್ಣು, ನಗುವ ಬಾಯಿ. ಆದ್ದರಿಂದ ಅವಳ ನಗೆ ಮನೆಯ ಕಿಟಕಿಗಳನ್ನು ತೆರೆದು ಗಾಳಿಯಾಡಿಸುತ್ತದೆಯೇ ಹೊರತು ಗೋಡೆಯನ್ನು ಕದಲಿಸುವುದಿಲ್ಲ. ಪ್ರಬಂಧ ಮುಗಿಯುವ ಹೊತ್ತಿಗೆ ಎಲ್ಲರೂ ನಕ್ಕಿರುತ್ತಾರೆ, ರಾತ್ರಿಯ ಅಡುಗೆಯನ್ನು ಮಾತ್ರ ಅವಳೇ ಮಾಡಬೇಕಾಗಿದೆ. ಈ ಮಿತಿಯನ್ನು ಅವರ ಅಭಿಮಾನಿಗಳು ಮರೆಮಾಚುವುದು ಸರಿಯಲ್ಲ. ಹೆಂಗಸರ ಜಂಬವನ್ನೋ ಸಮಾಜದ ಕೂಟಗಳನ್ನೋ ಕುರಿತ ನಗೆಯಂತೂ ಕೆಲವೊಮ್ಮೆ ಪಡಸಾಲೆಯ ಆರಾಮಕುರ್ಚಿಗೂ ಹಿತವಾಗಿಯೇ ಕೇಳಿಸುತ್ತದೆ; ಹೆಂಗಸೇ ಹೇಳಿದ ಮೇಲೆ ನಿಜವಿರಬೇಕೆಂದು ಅಲ್ಲಿ ಕುಳಿತವನು ತಲೆದೂಗಬಹುದು.

ಇನ್ನೊಂದು ಮಿತಿಯೂ ಇದೆ. ಈ ಹಾಸ್ಯದ ಮನೆ ಮೈಸೂರು, ಬೆಂಗಳೂರುಗಳ ಮಧ್ಯಮವರ್ಗದ ಮನೆ. ಸಂಬಳದ ದಿನಾಂಕದ ಸುತ್ತ ಅದರ ತಿಂಗಳು ತಿರುಗುತ್ತದೆ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕೊರವಂಜಿಯ ಮೊದಲ ಹದಿನಾಲ್ಕು ವರ್ಷ ಗೋಕಾಕ, ಹುಕ್ಕೇರಿಗಳ ಓದುಗರಿಗೆ ಅದು ಪರರಾಜ್ಯದ ಪತ್ರಿಕೆ. ಭಾಷೆ ಒಂದೇ ಆದರೂ ಅಡುಗೆಮನೆ ಒಂದೇ ಅಲ್ಲ. ಅಲ್ಲಿ ಹುಳಿ ಕುದಿಯುತ್ತದೆ, ಇಲ್ಲಿ ರೊಟ್ಟಿ ಬಡಿಯುವ ಸದ್ದು. ಅಲ್ಲಿಯ ಅತ್ತಿಗೆ ಇಲ್ಲಿ ವೈನಿ, ಅಲ್ಲಿಯ ಯಜಮಾನರು ಇಲ್ಲಿ 'ನಮ್ಮ ಮನಿಯವರು'. ಈ ಭೇದ ನಗೆಗೆ ಅಡ್ಡಿಯಾಗುವುದಿಲ್ಲ, ಓದಿದರೆ ಇಲ್ಲಿಯವರೂ ನಗುತ್ತಾರೆ. ಆದರೆ ಕಬ್ಬಿನ ಹೊಲದಲ್ಲಿ ಕಳೆ ಕೀಳುವವಳು, ಆಲೆಮನೆಯ ಬೆಂಕಿಗೆ ರವದಿ ಹೊರುವವಳು ಆ ಪ್ರಬಂಧಗಳ ಒಳಗಿಲ್ಲ. ಮಧ್ಯಮವರ್ಗದ ಮನೆಯ ಕಸ ಮುಸುರೆ ತೊಳೆಯಲು ಬಂದವಳ ಕಣ್ಣಿನಿಂದ ಆ ಮನೆ ಹೇಗೆ ಕಂಡೀತೆಂಬ ಪ್ರಶ್ನೆಯನ್ನು ಅಂದಿನ ಹಾಸ್ಯಪ್ರಬಂಧ ಕೇಳಿಕೊಳ್ಳಲಿಲ್ಲ. ಆಯ್ದಕ್ಕಿ ಲಕ್ಕಮ್ಮನಾದರೋ ಸ್ವತಃ ಅಂಗಳದ ಅಕ್ಕಿಯಿಂದ ಬದುಕಿದವಳು. ಹನ್ನೆರಡನೆಯ ಶತಮಾನದಲ್ಲಿ ಒಮ್ಮೆ ದೊರೆತ ಆ ಎತ್ತರದ ಪೀಠ ದುಡಿಯುವ ಹೆಣ್ಣಿಗೆ ಇಪ್ಪತ್ತನೆಯ ಶತಮಾನದ ಪ್ರಬಂಧದಲ್ಲಿ ದೊರೆಯಲಿಲ್ಲವೆಂಬುದು ಯೋಚಿಸತಕ್ಕ ವಿಷಯ.

ಇಷ್ಟಾಗಿಯೂ, ಗೋಡೆಯನ್ನು ಕದಲಿಸಲಿಲ್ಲವೆಂಬ ಮಾತನ್ನು ಅವರ ಬರಹಕ್ಕೆ ಅನ್ವಯಿಸಬಹುದೇ ಹೊರತು ಬಾಳಿಗೆ ಅನ್ವಯಿಸಲಾಗದು. ಹೆಂಗಸರು ಬರೆದುದನ್ನ 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿಯುವ ರೂಢಿ ಸಾಹಿತ್ಯವಲಯದಲ್ಲಿ ಬೇರೂರಿದ್ದ ಕಾಲ ಅದು. ಆ ಮಾತನ್ನು ಬಳಸಿದವರು ಅಡುಗೆಮನೆಯಿಂದ ಬಂದ ಊಟವನ್ನು ಒಂದು ದಿನವೂ ನಿರಾಕರಿಸಿದ್ದು ತಿಳಿದುಬಂದಿಲ್ಲ. 1915ರಲ್ಲಿ ಮೊದಲಾದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಮೊಟ್ಟಮೊದಲು ಹೆಣ್ಣುಮಗಳೊಬ್ಬರು ಏರಿದ್ದು 1974ರಲ್ಲಿ, ಮಂಡ್ಯದಲ್ಲಿ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರಿಗೆ ಆ ಗೌರವ ಬರಲು ಐವತ್ತೊಂಬತ್ತು ವರ್ಷ ಹಿಡಿಯಿತು. ಅದಾಗಿ ಐದು ವರ್ಷಕ್ಕೆ, 1979ರಲ್ಲಿ, ಕರ್ನಾಟಕ ಲೇಖಕಿಯರ ಸಂಘ ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷರು ಸುನಂದಮ್ಮನವರು. ತನ್ನನ್ನೇ ನೋಡಿ ನಗುತ್ತ ಬಂದ ಹಾಸ್ಯಲೇಖಕಿ ಅರವತ್ತರ ಹೊಸ್ತಿಲನ್ನು ದಾಟಿದ ಮೇಲೆ ಇಂತಹ ಹೊಣೆಯನ್ನು ಹೊತ್ತದ್ದು ಆಕಸ್ಮಿಕವಲ್ಲ. ಸಾಹಿತ್ಯದಲ್ಲಿ ಹೆಣ್ಣಿನ ಜಾಗ ಎಲ್ಲಿ ಎಂಬ ಪ್ರಶ್ನೆಯನ್ನು ಪ್ರಬಂಧಗಳಲ್ಲಿ ನಗೆಯಾಗಿ ಎತ್ತಿದವರು ಅದಕ್ಕೆ ಒಂದು ಸಂಸ್ಥೆಯ ರೂಪದಲ್ಲಿ ಉತ್ತರವನ್ನೂ ಕೊಟ್ಟರು. ಸಮ್ಮೇಳನದ ಪೀಠ ಆನಂತರ 2000ದಲ್ಲಿ ಶಾಂತಾದೇವಿ ಮಾಳವಾಡರಿಗೆ, 2003ರಲ್ಲಿ ಕಮಲಾ ಹಂಪನಾ ಅವರಿಗೆ, 2010ರಲ್ಲಿ ಗೀತಾ ನಾಗಭೂಷಣರಿಗೆ ದೊರೆಯಿತು. ಹಾಸ್ಯವನ್ನೇ ಬಾಳಿನ ಬರಹ ಮಾಡಿಕೊಂಡ ಈ ಲೇಖಕಿಗೆ ಅದು ದೊರೆಯಲಿಲ್ಲ. ಲಘುವಿನ ಮುದ್ರೆ ಅಲ್ಲಿಯೂ ಹಿಂಬಾಲಿಸಿತೆಂದು ಅನುಮಾನಿಸಿದರೆ ತಪ್ಪಾಗಲಾರದು.

ಸುನಂದಮ್ಮನವರು ಹಾಕಿದ ದಾರಿ ನಿಂತುಹೋಗಲಿಲ್ಲ. ನುಗ್ಗೇಹಳ್ಳಿ ಪಂಕಜ, ಭುವನೇಶ್ವರಿ ಹೆಗಡೆ ಮೊದಲಾದವರ ಬರಹದಲ್ಲಿ ಅದು ಮುಂದುವರಿದಿದೆ. ವೈದೇಹಿಯವರ ಪ್ರಬಂಧಗಳಲ್ಲಿ ಕುಂದಾಪುರದ ಸೀಮೆಯ ಹೆಂಗಸರ ಪಿಸುಮಾತಿನ ಜಾಣ್ಮೆ ಬೇರೊಂದು ಆಳವನ್ನು ಪಡೆದಿದೆ. ಕರಾವಳಿಗೆ ಸಿಕ್ಕ ಈ ಭಾಗ್ಯ ಘಟಪ್ರಭೆಯ ಸೀಮೆಗೆ ಇನ್ನೂ ಪೂರ್ಣವಾಗಿ ಸಿಕ್ಕಿಲ್ಲ. ಇಲ್ಲಿ ಸಾಹಿತಿಗಳಿಗೆ ಬರವಿಲ್ಲ. ಆನಂದಕಂದರು ಗೋಕಾಕ ತಾಲೂಕಿನ ಬೆಟಗೇರಿಯವರು, ಬಸವರಾಜ ಕಟ್ಟೀಮನಿಯವರು ಅದೇ ತಾಲೂಕಿನ ಮಲಾಮರಡಿಯವರು, ಜ್ಞಾನಪೀಠದ ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಇವರ ಕಥೆ, ಕಾದಂಬರಿ, ನಾಟಕಗಳಲ್ಲಿ ಹಳ್ಳಿಯ ಹೆಂಗಸರು ಮಾತಾಡುತ್ತಾರೆ, ಚೆನ್ನಾಗಿಯೇ ಮಾತಾಡುತ್ತಾರೆ. ಆ ಮಾತನ್ನು ಕೇಳಿ ಬರೆದವರು ಮಾತ್ರ ಗಂಡಸರು. ತಾಯಿ, ಅಕ್ಕ, ನೆರೆಮನೆಯ ಆಯಿ ಇವರ ನಾಲಗೆಯಿಂದ ಕಲಿತ ಚುರುಕನ್ನು ಅವರು ಕನ್ನಡಕ್ಕೆ ತಂದುಕೊಟ್ಟರು. ಆ ಆಯಿ ಸ್ವತಃ ಲೆಕ್ಕಣಿಕೆ ಹಿಡಿದಿದ್ದರೆ ಯಾರನ್ನು ನೋಡಿ ನಗುತ್ತಿದ್ದಳೆಂಬುದು ಬೇರೆಯೇ ಪ್ರಶ್ನೆ. ಬಹುಶಃ ಮೊದಲು ತನ್ನನ್ನು, ಆಮೇಲೆ ಕಥೆ ಬರೆಯಲು ಬಂದ ಈ ಹುಡುಗನನ್ನು.

ಬೀಸುವ ಪದಗಳನ್ನೂ ಸೋಬಾನೆಗಳನ್ನೂ ನಮ್ಮ ಜಾನಪದ ವಿದ್ವಾಂಸರು ಪ್ರೀತಿಯಿಂದ ಸಂಗ್ರಹಿಸಿದ್ದಾರೆ. ಒಡಪಿಗೆ ಆ ಪ್ರಮಾಣದ ಆದರ ದೊರೆತಿಲ್ಲ, ದೊರೆತ ಕಡೆಯಲ್ಲಿಯೂ ಪ್ರಾಸದ ಚಮತ್ಕಾರಕ್ಕೆ ದೊರೆತಿದೆಯೇ ಹೊರತು ಅದರೊಳಗಿನ ಟೀಕೆಗಲ್ಲ. ಅದು ಕೂಡ ಲಘುವೆಂಬ ಕಾರಣದಿಂದಲೇ. ಈ ತಾಲೂಕುಗಳ ಕಾಲೇಜುಗಳಲ್ಲಿ ಕನ್ನಡ ಓದುತ್ತಿರುವ ವಿದ್ಯಾರ್ಥಿನಿಯರು ಸಂಪ್ರಬಂಧಕ್ಕೆ ವಿಷಯ ಹುಡುಕಿ ದಣಿಯುವುದುಂಟು. 'ಜಂಬದ ಚೀಲ'ವನ್ನು ಒಂದು ಬದಿಗೆ, ಅಮುಗೆ ರಾಯಮ್ಮನ ವಚನಗಳನ್ನು ಇನ್ನೊಂದು ಬದಿಗೆ ಇಟ್ಟುಕೊಂಡು ನಡುವೆ ತಮ್ಮ ಅಜ್ಜಿಯ ಒಡಪುಗಳನ್ನು ಬರೆದುಕೊಂಡರೆ ಒಂದು ಒಳ್ಳೆಯ ಕೆಲಸವಾದೀತು. ಮೊದಲಿನ ಎರಡಕ್ಕೆ ಗ್ರಂಥಾಲಯದವರನ್ನು ಸ್ವಲ್ಪ ಕಾಡಬೇಕಾಗಬಹುದು. ಮೂರನೆಯದು ಸಂತೆ ಮುಗಿಸಿಕೊಂಡು ಹುಕ್ಕೇರಿಯಿಂದ ಮರಳುವ ಬಸ್ಸಿನಲ್ಲಿಯೇ ಸಿಗುತ್ತದೆ.